ಬಾಡಿಗೆಯ ಬಿಡಾರ: ಅಡಿರಾಂಡ್ಯಾಕ್ ಸರೋವರಗಳ ಬೇಸಿಗೆವಾಸದ ಚರಿತ್ರೆ

ನ್ಯೂಯಾರ್ಕ್ ಎಂದೊಡನೆ ಮಹಾನಗರವೇ ನೆನಪಿಗೆ ಬರುವುದು ಸಹಜವಾದರೂ, ಅದೇ ಹೆಸರಿನ ರಾಜ್ಯದ ಈಶಾನ್ಯ ಭಾಗವನ್ನು ಆವರಿಸಿರುವ ಅಡಿರಾಂಡ್ಯಾಕ್ ಬೆಟ್ಟಸೀಮೆಯಲ್ಲಿ ಇಂದಿಗೂ ಊರುಗಳು ವಿರಳವಾಗಿದ್ದು, ಕಾಡು ಮತ್ತು ನೀರು ಯಥೇಚ್ಛವಾಗಿವೆ. ಸುಮಾರು 60 ಲಕ್ಷ ಎಕರೆ, ಎಂದರೆ ಕರ್ನಾಟಕದ ಎಂಟನೆಯ ಒಂದು ಪಾಲಿನಷ್ಟು ವಿಸ್ತೀರ್ಣದ ಈ ಸೀಮೆಯಲ್ಲಿ ಹಿಮನದಿಗಳು ಕೊರೆದುಹೋದ ಸರೋವರಗಳು ಮತ್ತು ಕೊಳಗಳು 3,000ಕ್ಕೂ ಹೆಚ್ಚಿವೆ. ಅತಿ ಎತ್ತರದ ಶಿಖರವಾದ ಮಾರ್ಸಿ 1,629 ಮೀಟರ್ ಎತ್ತರವಿದ್ದು, ಅದರ ಮಗ್ಗುಲಿನ ಪುಟ್ಟ ಕೊಳವೊಂದು ಹಡ್ಸನ್ ನದಿಯ ಅತ್ಯಂತ ಎತ್ತರದ ಮೂಲವೆಂದು ರಾಜ್ಯದ ಭೂಮಾಪಕ ವರ್ಪ್ಲ್ಯಾಂಕ್ ಕೋಲ್ವಿನ್ 1872ರಲ್ಲಿ ಗುರುತಿಸಿದರು. ಚಳಿಗಾಲವಿಡೀ ಸರೋವರಗಳು ಹೆಪ್ಪುಗಟ್ಟಿರುತ್ತವೆ; ಹಿಮ ಕರಗಿದ ಬೆನ್ನಿಗೇ, ಮೇ ಜೂನ್ ತಿಂಗಳುಗಳಲ್ಲಿ, ಚರ್ಮ ಕಿತ್ತು ರಕ್ತ ಹೀರುವ ಕರಿನೊಣಗಳು ಮುತ್ತುತ್ತವೆ; ಹೀಗಾಗಿ ಹೊರಗಿನವರು ಬಂದು ನಿಲ್ಲಲು ಹಿತವೆನಿಸುವ ಕಾಲ ಜುಲೈ ಆರಂಭದಿಂದ ಸೆಪ್ಟೆಂಬರ್ ಆರಂಭದವರೆಗಿನ ಎರಡು ತಿಂಗಳು ಮಾತ್ರ. ಇಲ್ಲಿನ ಜನ ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ಈ ಎರಡು ತಿಂಗಳಲ್ಲೇ ದುಡಿದುಕೊಳ್ಳಬೇಕಾಗಿ ಬಂದದ್ದೇ ಮುಂದಿನ ಕಥೆಯ ಬಹುಭಾಗವನ್ನು ವಿವರಿಸುತ್ತದೆ.

ಸರೋವರದ ದಡದಲ್ಲಿ ಮರದ ಮನೆಯೊಂದನ್ನು ಬೇಸಿಗೆಯ ಅತಿಥಿಗಳಿಗೆ ಬಾಡಿಗೆಗೆ ಕೊಡುವ ಕಸುಬು ಇಲ್ಲಿ ಒಂದೂವರೆ ಶತಮಾನದಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದೆ. ಬಾಡಿಗೆದಾರನು ಹಣ ತೆರುವುದು ಮುಖ್ಯವಾಗಿ ನೆರೆಹೊರೆಯ ಗದ್ದಲವಿಲ್ಲದ ಏಕಾಂತಕ್ಕೆ. ಆ ಏಕಾಂತವನ್ನು ರೈಲುದಾರಿ, ರೋಗಭಯ, ಧನಿಕರ ಗೀಳು, ಸಂವಿಧಾನದ ಒಂದು ವಿಧಿ ಮತ್ತು ಸ್ಥಳೀಯರ ಕೂಲಿ ಇವೆಲ್ಲ ಕೂಡಿ ಸಿದ್ಧಪಡಿಸಿದವು ಎಂಬುದೂ, ಅದು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬ ತಕರಾರು ಮೊದಲಿನಿಂದಲೂ ಅದರ ಜೊತೆಗೇ ಬೆಳೆಯಿತು ಎಂಬುದೂ ಈ ಕಸುಬಿನ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ.

ಯುರೋಪಿನ ಮೂಲದವರು ಬರುವುದಕ್ಕೆ ಬಹುಕಾಲ ಮೊದಲೇ ಮೊಹಾಕ್ ಮತ್ತು ಅಬೆನಾಕಿ ಜನರು ಈ ಕಾಡಿನಲ್ಲಿ ಬೇಟೆಯಾಡುತ್ತಿದ್ದರು, ನೀರದಾರಿಗಳನ್ನು ಬಲ್ಲವರಾಗಿದ್ದರು. ಈ ಬೆಟ್ಟಗಳಿಗೆ ಅಡಿರಾಂಡ್ಯಾಕ್ ಎಂಬ ಹೆಸರನ್ನು ಭೂವಿಜ್ಞಾನಿ ಎಬೆನೀಜರ್ ಎಮನ್ಸ್ 1838ರಲ್ಲಷ್ಟೇ ಇಟ್ಟರು. ನಗರದಿಂದ ಬಂದ ಮೊದಲ ತಲೆಮಾರಿನ ಬೇಟೆಗಾರರಿಗೆ ಬಾಡಿಗೆ ಮನೆ ಎಂಬುದೇ ಇರಲಿಲ್ಲ. ಅವರು ದಿನಗೂಲಿಗೆ ಗೈಡನೊಬ್ಬನನ್ನು ಗೊತ್ತುಮಾಡಿಕೊಳ್ಳುತ್ತಿದ್ದರು, ಉಳಿದದ್ದೆಲ್ಲ ಅವನ ಹೊಣೆಯಾಗಿತ್ತು. ಗೈಡ್‌ಬೋಟ್ ಎಂದು ಹೆಸರಾದ ಹಗುರ ಹುಟ್ಟುದೋಣಿಯಲ್ಲಿ ಅವನು ಗಿರಾಕಿಯನ್ನು ಕೂರಿಸಿಕೊಂಡು ಹೋಗುತ್ತಿದ್ದನು. ಎರಡು ಸರೋವರಗಳ ನಡುವಿನ ನೆಲದ ದಾರಿಯಲ್ಲಿ ಅದೇ ದೋಣಿಯನ್ನು ಮಗುಚಿ, ಮರದ ನೊಗವೊಂದರ ಆಧಾರದಿಂದ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನು. ಸಂಜೆಯಾದೊಡನೆ ಸ್ಪ್ರೂಸ್ ಮರದ ತೊಗಟೆ ಸುಲಿದು, ಮೂರು ಕಡೆ ಮುಚ್ಚಿದ, ಬೆಂಕಿಯತ್ತ ತೆರೆದುಕೊಂಡ ಇಳಿಮಾಡಿನ ಬಿಡಾರ ಕಟ್ಟಿ, ನೆಲಕ್ಕೆ ಬಾಲ್ಸಮ್ ಸೊಪ್ಪಿನ ಹಾಸಿಗೆ ಹಾಸಿ, ಹಿಡಿದ ಮೀನನ್ನು ಹುರಿದು ಬಡಿಸುವುದೂ ಅವನದೇ ಕೆಲಸ. ಲಾಂಗ್ ಲೇಕ್ ಊರಿನ ಮಿಚೆಲ್ ಸಬಾಟಿಸ್ ಎಂಬ ಅಬೆನಾಕಿ ಗೈಡ್ ಇಂಥವರಲ್ಲಿ ಪ್ರಸಿದ್ಧರು. 1858ರ ಆಗಸ್ಟ್‌ನಲ್ಲಿ ರಾಲ್ಫ್ ವಾಲ್ಡೊ ಎಮರ್ಸನ್, ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ, ಕವಿ ಜೇಮ್ಸ್ ರಸೆಲ್ ಲೊವೆಲ್ ಮೊದಲಾದವರು ಫಾಲನ್ಸ್‌ಬಿ ಕೊಳದ ದಡದಲ್ಲಿ ಇಳಿದುಕೊಂಡು, ಅದು ತತ್ತ್ವಜ್ಞಾನಿಗಳ ಬಿಡಾರವೆಂದು ಖ್ಯಾತವಾಯಿತಾದರೂ, ಅಲ್ಲಿ ಸೌದೆ ಒಡೆದು ಅಡುಗೆ ಮಾಡಿದವರು ಗೈಡುಗಳೇ ಎಂಬುದನ್ನು ಮರೆಯುವಂತಿಲ್ಲ.

ಇದರ ಮರುವರ್ಷ, 1859ರಲ್ಲಿ, ಪಾಲ್ ಸ್ಮಿತ್ ಎಂದೇ ಜನರು ಕರೆಯುತ್ತಿದ್ದ ಅಪೋಲೋಸ್ ಸ್ಮಿತ್ ಲೋವರ್ ಸೇಂಟ್ ರೀಜಿಸ್ ಸರೋವರದ ದಡದಲ್ಲಿ ಹೋಟೆಲೊಂದನ್ನು ತೆರೆದರು. ಬೇಟೆಗಾರರ ಜೊತೆಗೆ ಅವರ ಹೆಂಡತಿ ಮಕ್ಕಳೂ ಬಂದು ಉಳಿಯಬಹುದಾದ ಸ್ಥಳವೆಂಬುದೇ ಅದರ ಹೊಸತನವಾಗಿತ್ತು. ಹೆಂಡತಿ ಲಿಡಿಯಾ ಮನೆವಾರ್ತೆ ನೋಡಿಕೊಂಡರೆ, ಗಂಡ ಕಥೆ ಹೇಳಿ ಅತಿಥಿಗಳನ್ನು ರಂಜಿಸುತ್ತ, ಸದ್ದಿಲ್ಲದೆ ಸುತ್ತಲಿನ ಸರೋವರಗಳ ದಡಗಳನ್ನು ಕೊಂಡುಹಾಕಿದರು.

ಸೀಮೆಯ ಹಣೆಬರಹವನ್ನು ತಿರುಗಿಸಿದ್ದು ಮಾತ್ರ ಒಂದು ಪುಸ್ತಕ. ಬಾಸ್ಟನ್ ನಗರದ ಪಾರ್ಕ್ ಸ್ಟ್ರೀಟ್ ಚರ್ಚಿನ ತರುಣ ಪಾದ್ರಿ ವಿಲಿಯಂ ಹೆನ್ರಿ ಹ್ಯಾರಿಸನ್ ಮರ್ರೆ 1869ರಲ್ಲಿ ಪ್ರಕಟಿಸಿದ ‘ಅಡ್ವೆಂಚರ್ಸ್ ಇನ್ ದಿ ವಿಲ್ಡರ್‌ನೆಸ್’ ಎಂಬ ಕೃತಿಯಲ್ಲಿ ರಂಜನೆಯ ಪ್ರಸಂಗಗಳ ಜೊತೆಗೆ ಎಲ್ಲಿಗೆ ಹೋಗಬೇಕು, ಏನು ಉಡಬೇಕು, ಗೈಡನಿಗೆ ಎಷ್ಟು ಕೊಡಬೇಕು ಎಂಬ ವ್ಯಾವಹಾರಿಕ ವಿವರಗಳೂ ಇದ್ದವು. ದಣಿದ ನಗರವಾಸಿಗೆ, ಅದರಲ್ಲೂ ಹೆಂಗಸರಿಗೆ, ಕಾಡಿನ ವಾಸವೇ ಔಷಧವೆಂದು ಅವರು ಬರೆದರು; ಕರಿನೊಣವು ಬಹುಮಟ್ಟಿಗೆ ನಿರುಪದ್ರವಿಯೆಂದೂ ಬರೆದರು. ಭೂಪಟ ಮತ್ತು ರೈಲಿನ ವೇಳಾಪಟ್ಟಿ ಸೇರಿಸಿದ ಪ್ರವಾಸಿ ಆವೃತ್ತಿಯೂ ಹೊರಬಂದು, ಆ ಬೇಸಿಗೆಯಲ್ಲೇ ಸಾವಿರಾರು ಜನ ಕಾಡಿನತ್ತ ನುಗ್ಗಿದರು. ಅವರನ್ನು ಸತ್ಕರಿಸಲು ಬೇಕಾದ ಹೋಟೆಲುಗಳಾಗಲಿ ದೋಣಿಗಳಾಗಲಿ ಅಲ್ಲಿರಲಿಲ್ಲ. ಅದರ ಮೇಲೆ ಮಳೆಯೂ ನೊಣವೂ ವಿಪರೀತವಾಗಿದ್ದವು. ಬಳಲಿ ಹಿಂದಿರುಗಿದವರನ್ನು ಪತ್ರಿಕೆಗಳು ‘ಮರ್ರೆಯ ಮೂರ್ಖರು’ ಎಂದು ಗೇಲಿಮಾಡಿದವು. ಆದರೂ ಗೇಲಿಗೊಳಗಾದ ಆ ಗುಂಪೇ ಮಾರುಕಟ್ಟೆ ಎಂಬುದನ್ನು ಸ್ಥಳೀಯರು ಮೊದಲು ಅರಿತರು: ಮುಂದಿನ ಕೆಲವೇ ವರ್ಷಗಳಲ್ಲಿ ಪ್ರತಿಯೊಂದು ದೊಡ್ಡ ಸರೋವರಕ್ಕೂ ಒಂದೆರಡು ಹೋಟೆಲುಗಳಾದವು. 1871ರಲ್ಲಿ ರೈಲುದಾರಿ ನಾರ್ತ್ ಕ್ರೀಕ್ ತಲುಪಿತು. 1882ರಲ್ಲಿ ಬ್ಲೂ ಮೌಂಟನ್ ಸರೋವರದ ದಡದಲ್ಲಿ ತೆರೆದ 300 ಕೋಣೆಗಳ ಪ್ರಾಸ್ಪೆಕ್ಟ್ ಹೌಸ್, ಪ್ರತಿ ಮಲಗುವ ಕೋಣೆಯಲ್ಲೂ ವಿದ್ಯುದ್ದೀಪವಿದ್ದ ಜಗತ್ತಿನ ಮೊದಲ ಹೋಟೆಲೆಂದು ಹೆಸರಾಯಿತು. ಅಂಥ ಹೋಟೆಲಿನ ಹಿತ್ತಿಲಲ್ಲಿ ಎರಡಂತಸ್ತಿನ ಪಾಯಖಾನೆಯೂ ಇತ್ತೆಂಬುದು ಆ ಕಾಲದ ವೈಭವದ ಅಳತೆಯನ್ನು ಸರಿಯಾಗಿಯೇ ತಿಳಿಸುತ್ತದೆ.

ಮರ್ರೆಯವರ ಪುಸ್ತಕದ ಒಂದು ಪ್ರಸಂಗ ಬೇರೊಂದು ದಿಕ್ಕಿನಲ್ಲಿ ಫಲಕೊಟ್ಟಿತು. ಕ್ಷಯದಿಂದ ಸಾಯುವ ಸ್ಥಿತಿಯಲ್ಲಿ ಕಾಡಿಗೆ ಬಂದ ಯುವಕನೊಬ್ಬ ಕೆಲವು ತಿಂಗಳಲ್ಲಿ ಗಟ್ಟಿಮುಟ್ಟಾಗಿ ಹೊರನಡೆದನೆಂದು ಅವರು ಬರೆದಿದ್ದರು. 1873ರಲ್ಲಿ ನ್ಯೂಯಾರ್ಕಿನ ತರುಣ ವೈದ್ಯ ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರುಡೋ ಅದೇ ರೋಗ ಹೊತ್ತು, ಇಷ್ಟಪಟ್ಟ ಜಾಗದಲ್ಲಿ ಸಾಯೋಣವೆಂದು ಪಾಲ್ ಸ್ಮಿತ್ ಹೋಟೆಲಿಗೆ ಬಂದವರು, ಸಾಯದೆ ಉಳಿದು, 1876ರಲ್ಲಿ ಹತ್ತಿರದ ಸ್ಯಾರನ್ಯಾಕ್ ಲೇಕ್ ಊರಿನಲ್ಲಿ ನೆಲೆಸಿದರು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ಜೀವಾಣುವನ್ನು ಕಂಡುಹಿಡಿದ ಸುದ್ದಿ ತಿಳಿದು, ಟ್ರುಡೋ ಮನೆಯಲ್ಲೇ ಪ್ರಯೋಗಗಳಿಗೆ ತೊಡಗಿದರು. ಜೀವಾಣು ಚುಚ್ಚಿದ ಐದು ಮೊಲಗಳನ್ನು ಸ್ಪಿಟ್‌ಫೈರ್ ಸರೋವರದ ದ್ವೀಪವೊಂದರಲ್ಲಿ ಬಿಸಿಲು ಗಾಳಿಗೆ ಬಿಟ್ಟು, ಅದೇ ರೀತಿ ಚುಚ್ಚಿದ ಇನ್ನೈದನ್ನು ಕತ್ತಲ ತೇವದ ಜಾಗದಲ್ಲಿ ಕೂಡಿಹಾಕಿದಾಗ, ದ್ವೀಪದ ಐದರಲ್ಲಿ ನಾಲ್ಕು ಬದುಕಿದವು, ಕತ್ತಲಿನ ಐದರಲ್ಲಿ ನಾಲ್ಕು ಸತ್ತವು. ಹೊರಗಾಳಿ, ವಿಶ್ರಾಂತಿ, ಪುಷ್ಟಿಯ ಆಹಾರ ಇವೇ ಚಿಕಿತ್ಸೆಯೆಂಬ ನಂಬಿಕೆಗೆ ಈ ಪ್ರಯೋಗ ಬಲಕೊಟ್ಟಿತು.

ಟ್ರುಡೋ 1884ರಲ್ಲಿ ಸ್ಥಾಪಿಸಿದ ಆರೋಗ್ಯಧಾಮದ ವಿಶೇಷವೆಂದರೆ ಅಲ್ಲಿ ದೊಡ್ಡ ಆಸ್ಪತ್ರೆ ಕಟ್ಟಡಕ್ಕೆ ಬದಲು ಬಿಡಿಬಿಡಿಯಾದ ಪುಟ್ಟ ಮನೆಗಳಿದ್ದದ್ದು. ‘ಲಿಟ್ಲ್ ರೆಡ್’ ಎಂಬ, ಒಂದೇ ಕೋಣೆ ಮತ್ತು ಜಗಲಿಯ ಕೆಂಪು ಮನೆಗೆ 1885ರಲ್ಲಿ ಬಂದ ಮೊದಲ ರೋಗಿಗಳು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಕ್ಕತಂಗಿಯರು. ಅಲ್ಲಿ ಜಾಗ ಸಿಕ್ಕದವರು ಊರೊಳಗೆ ಬಾಡಿಗೆ ಮನೆ ಹುಡುಕತೊಡಗಿದಾಗ, ಸ್ಯಾರನ್ಯಾಕ್ ಲೇಕ್‌ನ ಸಂಸಾರಗಳು ತಮ್ಮ ಮನೆಗಳಿಗೆ ಗಾಜಿನ ಜಗಲಿಗಳನ್ನು ಕಟ್ಟಿಸಿ ರೋಗಿಗಳನ್ನು ಇಟ್ಟುಕೊಂಡವು. ಇವುಗಳಿಗೆ ಕ್ಯೂರ್ ಕಾಟೇಜ್, ಎಂದರೆ ಗುಣವಾಗುವ ಮನೆ ಎಂಬ ಹೆಸರು ಬಂತು. ಕೊರೆಯುವ ಚಳಿಯಲ್ಲೂ ತುಪ್ಪಳದ ಕೋಟು ಹೊದ್ದು, ದಿನಕ್ಕೆ ಎಂಟು ಗಂಟೆ ಹೊರಜಗಲಿಯ ಒರಗುಕುರ್ಚಿಯಲ್ಲಿ ಮಲಗಿರಬೇಕೆಂಬುದು ಅಲ್ಲಿನ ಕಟ್ಟಳೆ. ಯಹೂದಿ ಪದ್ಧತಿಯ ಅಡುಗೆಯ ಮನೆ, ಸ್ಪ್ಯಾನಿಷ್ ಮಾತಾಡುವವರ ಮನೆ ಎಂದು ಅವುಗಳಲ್ಲಿ ವಿಂಗಡಣೆಯೂ ಆಯಿತು. 1887ರ ಅಕ್ಟೋಬರಿನಿಂದ ಮುಂದಿನ ಏಪ್ರಿಲ್‌ವರೆಗೆ ಬೇಕರ್ ಎಂಬ ಗೈಡನ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದಿದ್ದ ಸ್ಕಾಟ್ಲೆಂಡಿನ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅಲ್ಲೇ ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ ಕಾದಂಬರಿಯನ್ನು ಬರೆಯಲು ತೊಡಗಿದರು. ಅವರ ಸಿಗರೇಟು ಸುಟ್ಟ ಗುರುತುಗಳಿರುವ ಅಗ್ಗಿಷ್ಟಿಕೆಯ ಹಲಗೆಯನ್ನು ಇಂದಿಗೂ ಅಲ್ಲಿ ತೋರಿಸುತ್ತಾರೆ. ವರ್ಷದ ಹನ್ನೆರಡು ತಿಂಗಳೂ ಬಾಡಿಗೆ ಬರುತ್ತಿದ್ದ ಏಕೈಕ ವ್ಯವಹಾರ ಈ ಸೀಮೆಯಲ್ಲಿ ಇದೊಂದೇ ಆಗಿತ್ತು. ಕ್ಷಯಕ್ಕೆ ಪರಿಣಾಮಕಾರಿ ಔಷಧಗಳು ಬಂದ ಮೇಲೆ 1954ರಲ್ಲಿ ಟ್ರುಡೋ ಆರೋಗ್ಯಧಾಮ ಮುಚ್ಚಿಹೋಯಿತು. ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ಅನ್ನು ಬಲ್ಲ ಕನ್ನಡಿಗರಿಗೆ ಊರಾಚೆಯ ತೆರೆದ ಗಾಳಿ ಮತ್ತು ವಿಶ್ರಾಂತಿಯೇ ಮದ್ದೆಂಬ ಈ ಚಿಕಿತ್ಸಾಕ್ರಮ ಅಪರಿಚಿತವೇನಲ್ಲ.

ಹೋಟೆಲಿನ ಗದ್ದಲ ಬೇಡವೆಂದ ಧನಿಕರು ತಮ್ಮದೇ ಬಿಡಾರಗಳನ್ನು ಕಟ್ಟಿಸಿಕೊಳ್ಳತೊಡಗಿದ್ದು ಇದೇ ಕಾಲದಲ್ಲಿ. ಪಾಲ್ ಸ್ಮಿತ್ ತಾವು ಕೊಂಡಿದ್ದ ದಡಗಳನ್ನು ತುಂಡುತುಂಡಾಗಿ ತಮ್ಮ ಹಳೆಯ ಅತಿಥಿಗಳಿಗೇ ಮಾರಿದರು. ರ‍್ಯಾಕೆಟ್ ಸರೋವರದಲ್ಲಿ, ರೈಲುದಾರಿಯ ಒಡೆಯ ಥಾಮಸ್ ಡ್ಯುರಾಂಟ್‌ರ ಮಗ ವಿಲಿಯಂ ವೆಸ್ಟ್ ಡ್ಯುರಾಂಟ್ 1870ರ ದಶಕದ ಉತ್ತರಾರ್ಧದಲ್ಲಿ ಕಟ್ಟಲು ತೊಡಗಿದ ಪೈನ್ ನಾಟ್, ಆಮೇಲೆ ‘ಗ್ರೇಟ್ ಕ್ಯಾಂಪ್’ ಎಂದು ಕರೆಯಲಾದ ಮಹಾಬಿಡಾರಗಳಿಗೆ ಮಾದರಿಯಾಯಿತು. ತೊಗಟೆ ಸುಲಿಯದ ದಿಮ್ಮಿಗಳ ಗೋಡೆ, ಬರ್ಚ್ ತೊಗಟೆ ಹೊದಿಸಿದ ಛಾವಣಿಯ ಒಳಮೈ, ಡೊಂಕು ಕೊಂಬೆಗಳನ್ನೇ ಹೆಣೆದ ಕಟಕಟೆ, ಬಂಡೆಗಲ್ಲಿನ ಅಗ್ಗಿಷ್ಟಿಕೆ ಇವೆಲ್ಲ ಅಲ್ಲಿನ ಲಕ್ಷಣಗಳು. ಊಟಕ್ಕೆ ಒಂದು, ಮಲಗಲು ಒಂದು, ದೋಣಿಗೆ ಒಂದು ಎಂದು ಬೇರೆಬೇರೆ ಕಟ್ಟಡಗಳನ್ನು ಎಬ್ಬಿಸುತ್ತಿದ್ದುದರಿಂದ, ಒಂದಕ್ಕೆ ಬೆಂಕಿ ಬಿದ್ದರೆ ಉಳಿದವು ಉಳಿಯುತ್ತಿದ್ದವು. ಡ್ಯುರಾಂಟ್ ಕಟ್ಟಿದ ಅಂಕಸ್ 1896ರಲ್ಲಿ ಜೆ.ಪಿ. ಮಾರ್ಗನ್‌ರ ಕೈಗೂ, ಸಾಗಮೋರ್ 1901ರಲ್ಲಿ ಆಲ್ಫ್ರೆಡ್ ವ್ಯಾಂಡರ್‌ಬಿಲ್ಟ್‌ರ ಕೈಗೂ ಹೋದವು. ಕಟ್ಟಿದವರು ಸಾಲದಲ್ಲಿ ಮುಳುಗಿದರು. ಪೂರ್ವ ಅಮೆರಿಕದ ಬೆಟ್ಟಸೀಮೆಗಳಲ್ಲೆಲ್ಲ ಹಬ್ಬಿದ ಈ ಪದ್ಧತಿಯನ್ನು ಸ್ವಾಮಿ ವಿವೇಕಾನಂದರೂ ಕಂಡಿದ್ದರು: 1895ರ ಜೂನ್‌ನಲ್ಲಿ ಅವರು ನ್ಯೂ ಹ್ಯಾಂಪ್‌ಶೈರ್‌ನ ಕ್ರಿಸ್ಟೀನ್ ಸರೋವರದ ದಡದಲ್ಲಿದ್ದ ಕ್ಯಾಂಪ್ ಪರ್ಸಿ ಎಂಬ ಮೀನುಬೇಟೆಯ ಬಿಡಾರದಲ್ಲಿ ವರ್ತಕ ಫ್ರಾನ್ಸಿಸ್ ಲೆಗೆಟ್‌ರ ಅತಿಥಿಯಾಗಿದ್ದು, ಅಲ್ಲಿಂದ ಥೌಸಂಡ್ ಐಲೆಂಡ್ ಪಾರ್ಕ್‌ಗೆ ತೆರಳಿದರು.

ಮಹಾಬಿಡಾರಗಳ ವಾಸ್ತುವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿದ್ದರೂ, ಅವುಗಳನ್ನು ನಡೆಸಿದ ಕೈಗಳ ಪ್ರಸ್ತಾಪ ಅಲ್ಲಿ ಕಡಿಮೆ. ಒಡೆಯರು ಕೆಲವು ವಾರ ಇದ್ದು ಹೋದರೆ, ಉಳಿದ ವರ್ಷವೆಲ್ಲ ಮನೆ ಕಾಯುವ ಕಾವಲುಗಾರನ ಸಂಸಾರ ಅಲ್ಲಿರುತ್ತಿತ್ತು. ಆ ಸಂಸಾರದ ಅತಿ ದೊಡ್ಡ ಚಳಿಗಾಲದ ಕೆಲಸವೆಂದರೆ ಮಂಜುಗಡ್ಡೆ ಕೊಯ್ಯುವುದು. ಜನವರಿ ಫೆಬ್ರವರಿಗಳಲ್ಲಿ ಸರೋವರದ ಮೇಲಿನ ಹಿಮವನ್ನು ಗೋರಿ ತೆಗೆದು, ಕುದುರೆ ಎಳೆಯುವ ನೇಗಿಲಿನಂಥ ಸಾಧನದಿಂದ ಮಂಜಿನ ಹಾಸಿನ ಮೇಲೆ ಚೌಕುಳಿಯಾಗಿ ಗೀರು ಹಾಕಿ, ಉದ್ದನೆಯ ಗರಗಸದಿಂದ ಗಡ್ಡೆಗಳನ್ನು ಕತ್ತರಿಸಿ, ತೆರೆದ ನೀರಿನ ಕಾಲುವೆಯಲ್ಲಿ ಕೊಕ್ಕೆಗೋಲಿನಿಂದ ತೇಲಿಸಿಕೊಂಡು ದಡಕ್ಕೆ ತಂದು, ದಪ್ಪ ಗೋಡೆಯ ಕೊಠಡಿಯಲ್ಲಿ ಮರದ ಹೊಟ್ಟು ತುಂಬಿ ಪೇರಿಸುತ್ತಿದ್ದರು. ಆಗಸ್ಟ್ ತಿಂಗಳ ಮಧ್ಯಾಹ್ನ ಜಗಲಿಯಲ್ಲಿ ಕುಳಿತ ಅತಿಥಿಯ ಲೋಟದಲ್ಲಿ ತೇಲುತ್ತಿದ್ದ ತುಣುಕು ಈ ದುಡಿಮೆಯ ಫಲ. ಬಾಡಿಗೆಯ ಮನೆಗಳಲ್ಲೂ ವಿದ್ಯುತ್ ಶೀತಕಗಳು ಬರುವವರೆಗೆ ಇದೇ ಕ್ರಮ ನಡೆಯಿತು. ಅಡಿರಾಂಡ್ಯಾಕ್ ಕುರ್ಚಿಯೆಂದು ಇಂದು ಲೋಕಪ್ರಸಿದ್ಧವಾಗಿರುವ ಅಗಲ ತೋಳಿನ ಒರಗುಕುರ್ಚಿಯೂ ಚಳಿಗಾಲದ ನಿರುದ್ಯೋಗಕ್ಕೇ ಸಂಬಂಧಿಸಿದ್ದು: ವೆಸ್ಟ್‌ಪೋರ್ಟ್ ಊರಿನ ಬೇಸಿಗೆವಾಸಿ ಥಾಮಸ್ ಲೀ ತಮ್ಮ ಮನೆಗೆಂದು ರೂಪಿಸಿದ ಮಾದರಿಯನ್ನು, ಚಳಿಗಾಲದಲ್ಲಿ ಕೆಲಸವಿಲ್ಲದ ಬಡಗಿ ಹ್ಯಾರಿ ಬನೆಲ್‌ಗೆ ಕೊಟ್ಟರು, ಬಡಗಿ 1905ರಲ್ಲಿ ಅದರ ಪೇಟೆಂಟನ್ನು ತನ್ನ ಹೆಸರಿಗೇ ಮಾಡಿಸಿಕೊಂಡನು.

ಬಾಡಿಗೆಯ ಕಸುಬಿನ ಮೇಲೆ ಅತ್ಯಂತ ಆಳವಾದ ಪರಿಣಾಮ ಬೀರಿದ್ದು ಕಾನೂನು. ಮರದ ಕಂಪನಿಗಳು ಬೆಟ್ಟಗಳನ್ನು ಬೋಳಿಸುತ್ತಿದ್ದುದರಿಂದ ಈರಿ ಕಾಲುವೆಗೂ ಹಡ್ಸನ್ ನದಿಗೂ ನೀರು ಬತ್ತೀತೆಂದು ಕೋಲ್ವಿನ್ ಸತತವಾಗಿ ಎಚ್ಚರಿಸುತ್ತಿದ್ದರು. ನ್ಯೂಯಾರ್ಕಿನ ವ್ಯಾಪಾರಿಗಳನ್ನು ತಟ್ಟಿದ್ದು ಕಾಡಿನ ಚೆಲುವಿಗಿಂತ ಮಿಗಿಲಾಗಿ ಈ ಭಯವೇ. 1885ರಲ್ಲಿ ಸರ್ಕಾರಿ ಭೂಮಿಯನ್ನು ಮೀಸಲು ಅರಣ್ಯವಾಗಿ ಘೋಷಿಸಲಾಯಿತು. 1892ರಲ್ಲಿ ಅಡಿರಾಂಡ್ಯಾಕ್ ಪಾರ್ಕ್ ಸ್ಥಾಪಿತವಾಗಿ, ಭೂಪಟದಲ್ಲಿ ನೀಲಿ ಗೆರೆಯಿಂದ ಅದರ ಎಲ್ಲೆ ಗುರುತಾಯಿತು. 1894ರಲ್ಲಿ, ಮೀಸಲು ಅರಣ್ಯ ಎಂದೆಂದಿಗೂ ಕಾಡಾಗಿಯೇ ಉಳಿಯಬೇಕು, ಅದನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ಮರ ಕಡಿಯುವಂತಿಲ್ಲ ಎಂಬ ವಿಧಿ ರಾಜ್ಯದ ಸಂವಿಧಾನವನ್ನೇ ಸೇರಿತು. ಗೆರೆಯೊಳಗಿನ ಭೂಮಿಯೆಲ್ಲ ಸರ್ಕಾರದ್ದಲ್ಲ. ಇಂದಿಗೂ ಅದರಲ್ಲಿ ಅರ್ಧದಷ್ಟು ಖಾಸಗಿಯವರದು. ಸರ್ಕಾರಿ ದಡಗಳಲ್ಲಿ ಮನೆ ಏಳುವುದಿಲ್ಲವೆಂಬುದು ಖಾತ್ರಿಯಾದ ಕಾರಣ ಖಾಸಗಿ ದಡದ ಮನೆಯ ಬೆಲೆ ತಾನಾಗಿ ಏರಿತು. ಎದುರಿನ ದಡದಲ್ಲಿ ಎಂದಿಗೂ ದೀಪ ಹತ್ತುವುದಿಲ್ಲವೆಂಬ ಭರವಸೆಯನ್ನು ರಾಜ್ಯದ ಸಂವಿಧಾನವೇ ಕೊಡುವಂಥ ಬಾಡಿಗೆ ಮನೆಗಳು ಲೋಕದಲ್ಲಿ ಬೇರೆಡೆ ಅಪರೂಪ.

ಕಾನೂನಿನ ಬಿಸಿ ಮೊದಲು ತಟ್ಟಿದ್ದು ಬಡವರಿಗೆ. ಸೌದೆಗೆ, ಬೇಟೆಗೆ, ಮೀನಿಗೆ ಕಾಡನ್ನೇ ನೆಚ್ಚಿಕೊಂಡಿದ್ದವರು ಸರ್ಕಾರಿ ಕಾಡಿನಲ್ಲಿ ಕಳ್ಳರೆನಿಸಿದರು; ಧನಿಕರು ಬೇಲಿ ಹಾಕಿಕೊಂಡ ಖಾಸಗಿ ಕಾಡುಗಳಲ್ಲಿ ಅತಿಕ್ರಮಿಗಳೆನಿಸಿದರು. ಎಣ್ಣೆದೊರೆ ಜಾನ್ ರಾಕ್‌ಫೆಲ್ಲರ್‌ರ ತಮ್ಮ ವಿಲಿಯಂ ಸುಮಾರು 50,000 ಎಕರೆ ಕೊಂಡು, ನಡುವೆ ಇದ್ದ ಬ್ರ್ಯಾಂಡನ್ ಎಂಬ ಹಳ್ಳಿಯ ಮನೆಗಳನ್ನೂ ಕೊಂಡು ಕೆಡವಿಸಿದಾಗ, ಮನೆ ಮಾರಲೊಪ್ಪದ ಆಲಿವರ್ ಲಮೋರಾ ಎಂಬ ಮುದಿ ಮಾಜಿ ಸೈನಿಕ 1902ರಲ್ಲಿ ಆ ಕಾಡಿನ ಹೊಳೆಯಲ್ಲಿ ಮೀನು ಹಿಡಿದನು. ರಾಕ್‌ಫೆಲ್ಲರ್ ದಾವೆ ಹೂಡಿ ವರ್ಷಗಟ್ಟಲೆ ನಡೆಸಿದರು. ಸ್ಥಳೀಯ ಪಂಚರು ಮುದುಕನ ಪರವಾಗಿಯೇ ತೀರ್ಪು ಕೊಡುತ್ತ ಬಂದರು. ಕೊನೆಗೆ ಗೆದ್ದ ಧನಿಕರಿಗೆ ದಕ್ಕಿದ ನಷ್ಟಪರಿಹಾರ 18 ಸೆಂಟು. ಇದರ ನಡುವೆ, 1903ರ ಸೆಪ್ಟೆಂಬರ್‌ನಲ್ಲಿ ಓರಾಂಡೊ ಡೆಕ್ಸ್‌ಟರ್ ಎಂಬ ಇನ್ನೊಬ್ಬ ಭೂಮಾಲೀಕರು ತಮ್ಮದೇ ಕಾಡಿನ ರಸ್ತೆಯಲ್ಲಿ ಗುಂಡೇಟಿಗೆ ಬಲಿಯಾದರು. ಕೊಂದವನು ಯಾರೆಂದು ಊರಿನ ಒಬ್ಬನೂ ಬಾಯಿ ಬಿಡಲಿಲ್ಲ, ಪ್ರಕರಣ ಬಗೆಹರಿಯಲೂ ಇಲ್ಲ.

ನಿಷೇಧದ ನಡುವೆಯೇ ಸರ್ಕಾರ ಒಂದು ಕಿಂಡಿಯನ್ನೂ ತೆರೆದಿತ್ತು. ಮೀಸಲು ಅರಣ್ಯದ ದಡಗಳಲ್ಲಿ ಮನೆ ಕಟ್ಟುವಂತಿಲ್ಲವಾದರೂ, ಪರವಾನಗಿ ಪಡೆದು ಹಲಗೆಯ ಕಟ್ಟೆ ಹಾಕಿ, ಅದರ ಮೇಲೆ ಡೇರೆ ಬಿಗಿದುಕೊಳ್ಳಬಹುದಾಗಿತ್ತು. ಸ್ವಂತ ಬಿಡಾರ ಕೊಳ್ಳಲಾಗದ ಶಿಕ್ಷಕರು, ಗುಮಾಸ್ತರು ಇಂಥ ಕಟ್ಟೆಗಳನ್ನು ಹಿಡಿದರು. ವರ್ಷದಿಂದ ವರ್ಷಕ್ಕೆ ಡೇರೆಯ ಬಟ್ಟೆ ಹಲಗೆಗೋಡೆಯಾಗಿ, ಒಳಗೆ ಒಲೆ ಬಂದು, ಪರವಾನಗಿ ತಂದೆಯಿಂದ ಮಗನಿಗೆ ಬರುವ ಆಸ್ತಿಯಂತಾಯಿತು. 1972ರ ಸರ್ಕಾರಿ ಭೂಯೋಜನೆ ಇವನ್ನು ಅಕ್ರಮವೆಂದು ಘೋಷಿಸಿ, ಆ ದಶಕದ ಮಧ್ಯದಲ್ಲಿ ತೆಗೆಸಿಹಾಕಿತು. ನ್ಯಾಯ ಸರ್ಕಾರದ ಕಡೆಗೇ ಇತ್ತೆನ್ನಬೇಕು. ಆದರೆ ಸಾಮಾನ್ಯ ಸಂಬಳದವರಿಗೆ ಅಗ್ಗದಲ್ಲಿ ದಡ ಸಿಗುತ್ತಿದ್ದ ಒಂದು ದಾರಿ ಅಲ್ಲಿಗೆ ಮುಚ್ಚಿತೆಂಬುದೂ ನಿಜ.

ದಡದಿಂದ ಜನರನ್ನು ದೂರವಿಡಲು ದುಡ್ಡೊಂದೇ ಸಾಧನವಾಗಿರಲಿಲ್ಲ. ಗ್ರಂಥಾಲಯಗಳ ದಶಾಂಶ ವರ್ಗೀಕರಣದ ಜನಕ ಮೆಲ್ವಿಲ್ ಡ್ಯೂಯಿ 1895ರಲ್ಲಿ ಸ್ಥಾಪಿಸಿದ ಲೇಕ್ ಪ್ಲ್ಯಾಸಿಡ್ ಕ್ಲಬ್ ವಿದ್ಯಾವಂತ ಮಧ್ಯಮವರ್ಗಕ್ಕೆ ಮಿತವ್ಯಯದ ಬೇಸಿಗೆವಾಸ ಒದಗಿಸುವ ಉದ್ದೇಶದ್ದಾಗಿದ್ದರೂ, ಯಹೂದಿಗಳಿಗೆ ಪ್ರವೇಶವಿಲ್ಲವೆಂದು ಅದರ ಸುತ್ತೋಲೆಯೇ ಸಾರುತ್ತಿತ್ತು. ಡ್ಯೂಯಿ ಆಗ ರಾಜ್ಯದ ಗ್ರಂಥಪಾಲಕರೂ ಆಗಿದ್ದುದರಿಂದ, ವಕೀಲ ಲೂಯಿ ಮಾರ್ಷಲ್ ಮತ್ತು ಇತರರು ದೂರು ಸಲ್ಲಿಸಿದರು. 1905ರಲ್ಲಿ ಅಧಿಕಾರಿಗಳು ಡ್ಯೂಯಿಗೆ ಛೀಮಾರಿ ಹಾಕಿದ ಮೇಲೆ ಅವರು ಹುದ್ದೆ ಬಿಟ್ಟರು. ಆದರೆ ಕ್ಲಬ್ಬಿನ ನಿಯಮ ಬದಲಾಗಲಿಲ್ಲ. ಕರ್ನಾಟಕದ ಎಷ್ಟೋ ಗ್ರಂಥಾಲಯಗಳ ಪುಸ್ತಕಗಳ ಬೆನ್ನಿಗೆ ಅಂಟಿರುವ ಆ ದಶಾಂಶ ಸಂಖ್ಯೆಗಳ ಪರಿಷ್ಕೃತ ಆವೃತ್ತಿಗಳು ಬಹುಕಾಲ ಇದೇ ಕ್ಲಬ್ಬಿನ ಆಶ್ರಯದ ಫಾರೆಸ್ಟ್ ಪ್ರೆಸ್‌ನಿಂದ ಹೊರಬರುತ್ತಿದ್ದವು ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಮಾರ್ಷಲ್‌ರ ಹೋರಾಟದ ಫಲವಾಗಿ 1913ರಲ್ಲಿ ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ ಬಂತು. ಹೋಟೆಲಿಗರು ಆಮೇಲೆ ‘ಆಯ್ದ ಗಿರಾಕಿಗಳು’, ‘ಚರ್ಚು ಹತ್ತಿರದಲ್ಲಿದೆ’ ಎಂಬ ಸೂಚ್ಯ ಮಾತುಗಳನ್ನು ಬಳಸಿಕೊಂಡರು. ಮಾರ್ಷಲ್ ಮತ್ತಿತರ ಐದು ಯಹೂದಿ ಕುಟುಂಬಗಳು ಲೋವರ್ ಸ್ಯಾರನ್ಯಾಕ್ ಸರೋವರದ ದಡದಲ್ಲಿ 1900ರ ಸುಮಾರಿಗೆ ನೋಲ್‌ವುಡ್ ಎಂಬ ತಮ್ಮದೇ ಆರು ಮನೆಗಳ ಬಿಡಾರ ಕಟ್ಟಿಕೊಂಡವು. ಕಾಡನ್ನು ಕಾಡಾಗಿಯೇ ಉಳಿಸುವ ಸಂವಿಧಾನದ ವಿಧಿಯನ್ನು 1915ರ ಸಮಾವೇಶದಲ್ಲಿ ಗಟ್ಟಿಯಾಗಿ ಸಮರ್ಥಿಸಿದವರೂ ಇದೇ ಮಾರ್ಷಲ್. ಅಲ್ಲಿ ಬೆಳೆದ ಅವರ ಮಗ ಬಾಬ್ 1935ರಲ್ಲಿ ವಿಲ್ಡರ್‌ನೆಸ್ ಸೊಸೈಟಿಯ ಸ್ಥಾಪಕರಲ್ಲೊಬ್ಬರಾದರು. ಅದೇ ನೋಲ್‌ವುಡ್‌ನ ಮನೆಯೊಂದರಲ್ಲಿ ಬೇಸಿಗೆಗಳನ್ನು ಕಳೆಯುತ್ತಿದ್ದ ಆಲ್ಬರ್ಟ್ ಐನ್‌ಸ್ಟೈನ್‌ಗೆ ಹಿರೋಶಿಮಾದ ಸುದ್ದಿ ತಲುಪಿದ್ದು 1945ರ ಆಗಸ್ಟ್‌ನಲ್ಲಿ ಅಲ್ಲಿಯೇ.

ಮೊದಲ ಮಹಾಯುದ್ಧದ ತರುವಾಯ ಮೋಟಾರು ಕಾರು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ರೈಲಿನಲ್ಲಿ ಪೆಟ್ಟಿಗೆಗಳ ರಾಶಿಯೊಡನೆ ಬಂದು ಇಡೀ ಋತು ಉಳಿಯುವ ಹೋಟೆಲು ಅತಿಥಿ ಕಣ್ಮರೆಯಾಗುತ್ತ, ಮಕ್ಕಳನ್ನೂ ದಿನಸಿಯನ್ನೂ ಕಾರಿಗೆ ತುಂಬಿಕೊಂಡು ಒಂದು ವಾರಕ್ಕೆ ಬರುವ ಕಾರ್ಮಿಕ ಹಾಗೂ ಗುಮಾಸ್ತ ಕುಟುಂಬ ಅವನ ಜಾಗಕ್ಕೆ ಬಂತು. ಮರದ ಹೋಟೆಲುಗಳು ಒಂದೊಂದಾಗಿ ಬೆಂಕಿಗೆ ಆಹುತಿಯಾದವು, ಪಾಲ್ ಸ್ಮಿತ್ ಹೋಟೆಲು 1930ರಲ್ಲಿ ಸುಟ್ಟುಹೋಯಿತು. ಹೊಸ ಗಿರಾಕಿಗೆಂದು ಹುಟ್ಟಿದ್ದೇ ‘ಹೌಸ್‌ಕೀಪಿಂಗ್ ಕ್ಯಾಬಿನ್’, ಎಂದರೆ ಬಾಡಿಗೆದಾರನೇ ಅಡುಗೆ ಮಾಡಿಕೊಂಡು ಇರಬೇಕಾದ ಪುಟ್ಟ ಮರದ ಮನೆ. ಸ್ಥಳೀಯ ಮಿಲ್ಲಿನ ಹಲಗೆಗಳಿಂದ ಮಾಲೀಕನೇ ಚಳಿಗಾಲದ ಬಿಡುವಿನಲ್ಲಿ ಕಟ್ಟಿದ ಇಂಥ ಹತ್ತಾರು ಮನೆಗಳು ದಡದುದ್ದಕ್ಕೂ ಸಾಲಾಗಿ ನಿಲ್ಲುತ್ತಿದ್ದವು. ಒಳಗೆ ಕಬ್ಬಿಣದ ಮಂಚ, ಎನಾಮಲ್ ತೊಟ್ಟಿ, ಸೌದೆ ಒಲೆ, ಸೊಳ್ಳೆಪರದೆಯ ಜಗಲಿ. ಹೊರಗೆ ಕಟ್ಟಿಹಾಕಿದ ಒಂದು ಹುಟ್ಟುದೋಣಿ. ಬಾಡಿಗೆಯ ಲೆಕ್ಕ ಶನಿವಾರದಿಂದ ಶನಿವಾರಕ್ಕೆ: ಬೆಳಿಗ್ಗೆ ಹಳಬರು ಹೊರಟು ಮಧ್ಯಾಹ್ನ ಹೊಸಬರು ಬರುವಷ್ಟರಲ್ಲಿ ಮಾಲೀಕನ ಹೆಂಡತಿ ಮಕ್ಕಳು ಎಲ್ಲ ಮನೆಗಳನ್ನೂ ಗುಡಿಸಿ ಒರೆಸಿ ಮುಗಿಸಬೇಕಿತ್ತು. ಅಕ್ಟೋಬರಿನಲ್ಲಿ ನೀರಿನ ಕೊಳವೆಗಳನ್ನೆಲ್ಲ ಪೂರ್ತಿ ಬರಿದು ಮಾಡಿ, ಕಿಟಕಿಗಳಿಗೆ ಹಲಗೆ ಬಡಿಯಬೇಕು. ಕೊಳವೆಯ ಬಾಗಿನಲ್ಲಿ ಒಂದಿಷ್ಟು ನೀರು ಉಳಿದರೂ ಅದು ಹೆಪ್ಪುಗಟ್ಟಿ ಕೊಳವೆ ಸೀಳಿ, ವಸಂತದಲ್ಲಿ ರಿಪೇರಿಯ ಖರ್ಚು ಬಾಡಿಗೆಯ ಲಾಭವನ್ನು ನುಂಗುತ್ತಿತ್ತು. ಹೋಟೆಲು ಮತ್ತು ಮಹಾಬಿಡಾರಗಳ ಕಾಲಕ್ಕೆ ಹೋಲಿಸಿದರೆ, ದಡದ ಸುಖ ಇಷ್ಟು ವಿಶಾಲವಾಗಿ ಹಂಚಿಕೆಯಾದ ಕಾಲ ಈ ಸೀಮೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಸಂವಿಧಾನದ ವಿಧಿಗೆ 1959ರಲ್ಲಿ ವಿಶೇಷ ತಿದ್ದುಪಡಿ ಮಾಡಿ ಮೀಸಲು ಅರಣ್ಯದ ಅಂಚಿನಲ್ಲಿ ದಾರಿ ಬಿಡಿಸಿಕೊಂಡ ನಾರ್ತ್‌ವೇ ಹೆದ್ದಾರಿ 1967ರಲ್ಲಿ ಪೂರ್ಣಗೊಂಡಾಗ, ನಗರದಿಂದ ಸರೋವರ ಅರ್ಧ ದಿನದ ಹಾದಿಯಾಯಿತು.

ಹೆದ್ದಾರಿಯ ಹಿಂದೆಯೇ ಭೂವ್ಯಾಪಾರಿಗಳೂ ಬಂದರು. ಸಾವಿರಾರು ಎರಡನೆಯ ಮನೆಗಳ ಬಡಾವಣೆಗಳ ಯೋಜನೆಗಳಿಂದ ಬೆಚ್ಚಿದ ರಾಜ್ಯಪಾಲ ನೆಲ್ಸನ್ ರಾಕ್‌ಫೆಲ್ಲರ್ 1971ರಲ್ಲಿ ಅಡಿರಾಂಡ್ಯಾಕ್ ಪಾರ್ಕ್ ಏಜೆನ್ಸಿಯನ್ನು ಸ್ಥಾಪಿಸಿದರು. 1973ರ ಯೋಜನೆ ಖಾಸಗಿ ಭೂಮಿಯನ್ನೂ ವಿಂಗಡಿಸಿ, ಅತಿ ಕಟ್ಟುನಿಟ್ಟಿನ ವಲಯದಲ್ಲಿ ಸರಾಸರಿ 42.7 ಎಕರೆಗೆ ಒಂದೇ ಮುಖ್ಯ ಕಟ್ಟಡವೆಂದು ಮಿತಿ ಹಾಕಿತು. ತಮ್ಮ ಭೂಮಿಯಲ್ಲಿ ತಾವು ಮನೆ ಕಟ್ಟಲು ಅಪ್ಪಣೆ ಕೇಳಬೇಕೆಂಬುದನ್ನು ಸ್ಥಳೀಯರು ಇಂದಿಗೂ ಪೂರ್ತಿ ಒಪ್ಪಿಕೊಂಡಿಲ್ಲ. ಹೊಸ ಮನೆಗಳಿಗೆ ಬಿದ್ದ ಮಿತಿ ಹಳೆಯ ಕ್ಯಾಬಿನ್‌ಗಳ ಬೆಲೆಯನ್ನು ಏರಿಸಿತು. ಸಾಲುಮನೆಗಳನ್ನು ನಡೆಸುತ್ತಿದ್ದ ಮುದುಕರು ತೀರಿಕೊಂಡಂತೆ, ಮಕ್ಕಳು ಅವನ್ನು ಒಂದೊಂದಾಗಿ ನಗರದವರಿಗೆ ಮಾರಿದರು, ಇಲ್ಲವೇ ಇಡೀ ಸಾಲನ್ನು ಕೆಡವಿ ಒಂದು ದೊಡ್ಡ ಮನೆ ಕಟ್ಟುವವರಿಗೆ ಕೊಟ್ಟರು.

ಕಳೆದ ದಶಕದಲ್ಲಿ ಏರ್‌ಬಿಎನ್‌ಬಿಯಂಥ ಅಂತರ್ಜಾಲ ಮಧ್ಯವರ್ತಿಗಳು ಬಂದ ಮೇಲೆ ದಡದ ಮನೆಯಷ್ಟೇ ಅಲ್ಲ, ಊರೊಳಗಿನ ಸಾಧಾರಣ ಮನೆಯೂ ವಾರಾಂತ್ಯದ ಬಾಡಿಗೆಯ ಸರಕಾಯಿತು. ಸುಮಾರು 1,30,000 ಕಾಯಂ ನಿವಾಸಿಗಳಿರುವ ಈ ಸೀಮೆಯಲ್ಲಿ ಶಾಲೆಯ ಶಿಕ್ಷಕರಿಗೆ, ಆಸ್ಪತ್ರೆಯ ದಾದಿಯರಿಗೆ, ಹೋಟೆಲು ಕೆಲಸಗಾರರಿಗೆ ವರ್ಷವಿಡೀ ಇರಲು ಮನೆ ಸಿಗುವುದು ಕಷ್ಟವಾಗಿದೆ. 1932 ಮತ್ತು 1980ರ ಚಳಿಗಾಲದ ಒಲಿಂಪಿಕ್ಸ್ ನಡೆದ ಲೇಕ್ ಪ್ಲ್ಯಾಸಿಡ್ ಗ್ರಾಮವೂ ಅದನ್ನು ಒಳಗೊಂಡ ನಾರ್ತ್ ಎಲ್ಬಾ ಪಟ್ಟಣವೂ 2020ರಲ್ಲಿ ಅಲ್ಪಾವಧಿ ಬಾಡಿಗೆಗೆ ಪರವಾನಗಿ ಕಡ್ಡಾಯಗೊಳಿಸಿ, ಮುಂದೆ ಅಂಥ ಪರವಾನಗಿಗಳ ಸಂಖ್ಯೆಗೂ ಮಿತಿ ಹಾಕಿದವು. ಬಾಡಿಗೆಯ ಆದಾಯದಿಂದಲೇ ಮನೆಯ ತೆರಿಗೆ ಕಟ್ಟುವ ಹಳೆಯ ನಿವಾಸಿಗಳು ಈ ಮಿತಿಯನ್ನು ವಿರೋಧಿಸುತ್ತಾರೆ. ಅದೇ ಮನೆಗಳನ್ನು ಗುಡಿಸಿ ಒರೆಸಲು ಐವತ್ತು ಅರವತ್ತು ಕಿಲೋಮೀಟರ್ ದೂರದಿಂದ ಕಾರಿನಲ್ಲಿ ಬಂದುಹೋಗುವ ಕೆಲಸಗಾರರಿಗೆ ಅದು ಸಾಲದೆನಿಸುತ್ತದೆ.